ಪ್ರೊಪೇನ್‌ಗೆ ಸರಿಬಂದ ಲೆಕ್ಕ ಬ್ಯೂಟೇನ್‌ಗೆ ಯಾಕೆ ಕೈಕೊಟ್ಟಿತು?

ಪಿಯುಸಿ_ಹುಡುಗಿ
14.2 ಕೆಜಿಯ ಅಡುಗೆ ಸಿಲಿಂಡರಿನಲ್ಲಿ ಬರೀ ಪ್ರೊಪೇನ್ ಇದೆ ಅಂದುಕೊಂಡು, ಅಷ್ಟೂ ಉರಿದರೆ ಎಷ್ಟು ಕಾರ್ಬನ್ ಡೈಆಕ್ಸೈಡ್ ಬರುತ್ತದೆ ಅಂತ ಟ್ಯೂಷನ್‌ನಲ್ಲಿ ಲೆಕ್ಕ ಕೊಟ್ಟಿದ್ದರು. ಸರಿದೂಗಿಸಿದ ಸಮೀಕರಣದಲ್ಲಿ 1 ಪ್ರೊಪೇನ್, 5 ಆಕ್ಸಿಜನ್ ಸೇರಿ 3 ಕಾರ್ಬನ್ ಡೈಆಕ್ಸೈಡ್, 4 ನೀರು. 1ಕ್ಕೆ 3 ಅಲ್ವಾ ಅಂತ ಸುಮ್ನೆ 3ರಿಂದ ಗುಣಿಸಿದೆ, 42.6 ಕೆಜಿ ಬಂತು. ಉತ್ತರ ಸರಿ! ಅದೇ ಧೈರ್ಯದಲ್ಲಿ ಬ್ಯೂಟೇನ್‌ಗೂ ಮಾಡಿದೆ. ಅಲ್ಲಿ 2ಕ್ಕೆ 8, ಅಂದರೆ 1ಕ್ಕೆ 4, ಹಾಗಾಗಿ 56.8 ಕೆಜಿ. ಪುಸ್ತಕದ ಹಿಂದೆ 43.1 ಅಂತಿದೆ. ಅಚ್ಚಿನ ತಪ್ಪಾ?

ಹಳೇ_ಮೇಷ್ಟ್ರು
ಪುಸ್ತಕ ಸರಿ ಇದೆಯಮ್ಮ. ನಿನ್ನ ಮೊದಲ ಉತ್ತರ ಬಂದಿದ್ದೇ ಅದೃಷ್ಟದಿಂದ. ಸಮೀಕರಣದಲ್ಲಿ ಹೆಸರುಗಳ ಮುಂದಿನ ಅಂಕಿಗಳು ಮೋಲ್‌ಗಳ ಎಣಿಕೆ, ತೂಕ ಅಲ್ಲ. ಮೋಲ್ ಅಂದರೆ ಡಜನ್ ಇದ್ದ ಹಾಗೆ, ಅಣುಗಳ ಒಂದು ನಿಗದಿತ ಎಣಿಕೆ. ಒಂದು ಮೋಲ್ ಪ್ರೊಪೇನ್ 44 ಗ್ರಾಂ, ಒಂದು ಮೋಲ್ ಕಾರ್ಬನ್ ಡೈಆಕ್ಸೈಡ್ ಕೂಡ 44 ಗ್ರಾಂ, ಅದಕ್ಕೇ ಎಣಿಕೆಯ ಲೆಕ್ಕ ತೂಕಕ್ಕೂ ಹೊಂದಿಬಿಟ್ಟಿತು. ಬ್ಯೂಟೇನ್ 58. 2 ಮೋಲ್ ಅಂದರೆ 116 ಗ್ರಾಂ ಉರಿದರೆ 8 ಮೋಲ್, ಅಂದರೆ 352 ಗ್ರಾಂ ಬರುತ್ತದೆ. 14.2ನ್ನು 352ರಿಂದ ಗುಣಿಸಿ 116ರಿಂದ ಭಾಗಿಸು, 43.1 ಸಿಗುತ್ತದೆ.

ನಿನ್ನ ದಾರಿಯಲ್ಲೇ ಪ್ರೊಪೇನ್‌ನಿಂದ ಬರುವ ನೀರನ್ನು ಲೆಕ್ಕ ಹಾಕಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿದ್ದೆ. 1ಕ್ಕೆ 4 ಅಂತ 56.8 ಬರುತ್ತಿತ್ತು. ನಿಜಕ್ಕೂ 44 ಗ್ರಾಂಗೆ 72 ಗ್ರಾಂ ನೀರು, ಅಂದರೆ 23.2 ಕೆಜಿ.

ಮಲೆನಾಡಿನವ
ನಾನು ಇದನ್ನು ತಾಂಬೂಲದಿಂದ ನೆನಪಿಟ್ಟುಕೊಂಡಿದ್ದು. ತಾಂಬೂಲಕ್ಕೆ ಎರಡು ಎಲೆ, ಒಂದು ಅಡಿಕೆ ಅಂತೀವಿ, ಹಾಗಂತ ಎರಡು ಕೆಜಿ ಎಲೆಗೆ ಒಂದು ಕೆಜಿ ಅಡಿಕೆ ತೂಗಿ ತಂದರೆ ಮನೇಲಿ ಬೈಯ್ಯಲ್ವಾ?

ಪಿಯುಸಿ_ಹುಡುಗಿ
ಅಯ್ಯೋ, ಅರ್ಥ ಆಯ್ತು! ಆದರೆ ಇನ್ನೊಂದು ಡೌಟು. 42.6ಕ್ಕೆ 23.2 ಸೇರಿಸಿದರೆ 65.8 ಕೆಜಿ ಆಯಿತು. ಸಿಲಿಂಡರಿನಲ್ಲಿ ಇದ್ದದ್ದೇ 14.2. ಮಿಕ್ಕಿದ್ದು ಎಲ್ಲಿಂದ ಬಂತು?

ಹಳೇ_ಮೇಷ್ಟ್ರು
ಒಳ್ಳೇ ಪ್ರಶ್ನೆ. ಗಾಳಿಯಿಂದ. 5 ಮೋಲ್ ಆಕ್ಸಿಜನ್ 160 ಗ್ರಾಂ (ಒಂದಕ್ಕೆ 32, ತುಂಬಾ ಜನ 16 ಹಾಕಿ ಮಾರ್ಕ್ಸ್ ಕಳೆದುಕೊಳ್ಳುತ್ತಾರೆ). ಆ ಲೆಕ್ಕದಲ್ಲಿ 14.2 ಕೆಜಿ ಪ್ರೊಪೇನ್‌ಗೆ 51.6 ಕೆಜಿ ಆಕ್ಸಿಜನ್ ಬೇಕು. ಎರಡನ್ನೂ ಕೂಡಿ ನೋಡು, 65.8. ಮನೆಯ ಸಿಲಿಂಡರಿನಲ್ಲಿ ಪ್ರೊಪೇನ್, ಬ್ಯೂಟೇನ್ ಎರಡೂ ಬೆರೆತಿರುತ್ತವೆ, ಆದರೂ ಕಾರ್ಬನ್ ಡೈಆಕ್ಸೈಡ್ 43 ಕೆಜಿ ಆಸುಪಾಸಿನಲ್ಲೇ ಇರುತ್ತದೆ. ಅಡುಗೆಮನೆಯ ಕಿಟಕಿ ತೆಗೆದಿಡು ಅನ್ನುವುದು ಅದಕ್ಕೇ.