ಟೈಮ್ ಇಲ್ಲದವರು ಫಾರ್ಮ್ ತುಂಬಲಿಲ್ಲ

"400 ಜನಕ್ಕೆ ನನ್ನ ಥೀಸಿಸ್ ಸರ್ವೆಯ ಲಿಂಕ್ ಹೋಗಿದೆ. ತುಂಬಿದವರು 32!" ಅಂತ ಗುಂಡ ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದ.

"ಅದರಲ್ಲಿ ನಿಮ್ಮ ಮನೆಯವರು ಎಷ್ಟು ಜನ?" ಪುಟ್ಟಿ ಕೇಳಿದಳು.

"ನನ್ನ ವಿಷಯ ಪಿಜಿ ವಿದ್ಯಾರ್ಥಿಗಳು ಟೈಮ್ ಹೇಗೆ ಹೊಂದಿಸಿಕೊಳ್ಳುತ್ತಾರೆ ಅಂತ. ಮನೆಯವರು ಹೇಗೆ ತುಂಬುತ್ತಾರೆ?"

"ಅಯ್ಯೋ ಪಾಪ, ಇಷ್ಟು ನಿಯತ್ತಿನವನಾದರೆ ಹೇಗಪ್ಪ? ಎಷ್ಟೋ ಥೀಸಿಸ್‌ಗಳಲ್ಲಿ ಅಜ್ಜಿಯರೂ ಎಂಬಿಎ ಓದುತ್ತಿರುತ್ತಾರೆ."

ನಮ್ಮ ಗುಂಪಿನಲ್ಲಿ ಪ್ರೊಫೆಸರ್ ಅಂತ ಒಬ್ಬನಿದ್ದಾನೆ. ಪ್ರೊಫೆಸರ್ ಏನಲ್ಲ, ಪಿಎಚ್‌ಡಿಯೇ ಇನ್ನೂ ಮುಗಿದಿಲ್ಲ. ಪರ್ಸೆಂಟ್ ಲೆಕ್ಕ ಅಂದರೆ ನಿದ್ದೆಯಿಂದ ಎದ್ದು ಬರುತ್ತಾನೆ, ಅದಕ್ಕೆ ಆ ಹೆಸರು. ಈಗಲೂ ಬಂದ.

"32 ಅಂದರೆ 8 ಪರ್ಸೆಂಟ್. ಅಮೆರಿಕದ ಪ್ಯೂ ರಿಸರ್ಚ್ ಸೆಂಟರ್‌ನವರ ಫೋನ್ ಸರ್ವೆಗೆ 1997ರಲ್ಲಿ 36 ಪರ್ಸೆಂಟ್ ಪ್ರತಿಕ್ರಿಯೆ ಸಿಗುತ್ತಿತ್ತು. 2018ಕ್ಕೆ ಅದು 6ಕ್ಕೆ ಬಂದು ನಿಂತಿತು. ಅಂಥವರಿಗಿಂತ ನೀನು ಮುಂದಿದ್ದೀಯ. ಬೇಜಾರು ಯಾಕೆ?"

"ಗೈಡ್ ಕೇಳಿದ್ದು 384."

384! ಸರ್ವೆಗೆ ಕೈ ಹಾಕಿದ ಪಿಜಿ ಮಕ್ಕಳಿಗೆ ಸ್ವಂತ ಹುಟ್ಟುಹಬ್ಬ ಮರೆತರೂ ಈ ನಂಬರ್ ಮರೆಯುವುದಿಲ್ಲ.

"ಅದು ಎಲ್ಲಿಂದ ಬಂತು ಗೊತ್ತಾ?" ಪ್ರೊಫೆಸರ್ ಕೇಳಿದ.

"ಸೀನಿಯರ್ ಥೀಸಿಸ್‌ನಿಂದ."

"ಅದಕ್ಕೂ ಮುಂಚೆ, 1970ರಲ್ಲಿ ಕ್ರೆಜ್ಸಿ ಮತ್ತು ಮಾರ್ಗನ್ ಅಂತ ಇಬ್ಬರು ಎಷ್ಟು ಜನರನ್ನು ಕೇಳಿದರೆ ಸಾಕು ಅಂತ ಒಂದು ಪಟ್ಟಿ ಮಾಡಿಟ್ಟರು. ಒಟ್ಟು ಸಾವಿರ ಜನ ಇದ್ದರೆ 278 ಸಾಕು, 10 ಲಕ್ಷ ಇದ್ದರೆ 384. ಆದರೆ ಲಾಟರಿ ಎತ್ತಿದ ಹಾಗೆ ಆರಿಸಿರಬೇಕು. ಆರಿಸಿದವರು ಉತ್ತರವನ್ನೂ ಕೊಡಬೇಕು. ನೀನು ಹೇಗೆ ಆರಿಸಿದೆ?"

"ವಾಟ್ಸಾಪ್ ಗ್ರೂಪುಗಳಿಗೆ ಹಾಕಿದೆ. ಎಲ್ಲ ಸೇರಿ 400 ಜನ."

"ಸರಿ. ಆ ಪಟ್ಟಿಗೂ ನಿನಗೂ ಸಂಬಂಧ ಅಲ್ಲಿಗೆ ಕಳೀತು. ಇರಲಿ, ಉತ್ತರ ಏನು ಬಂದಿದೆ?"

ಗುಂಡನ ಮುಖ ಅರಳಿತು. "ಅದು ಮಾತ್ರ ಭರ್ಜರಿ. 32ರಲ್ಲಿ 29 ಜನ 'ನಮಗೆ ಬೇಕಾದಷ್ಟು ಟೈಮ್ ಇದೆ' ಅಂದಿದ್ದಾರೆ!"

ಪುಟ್ಟಿ ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. "ಟೈಮ್ ಇದ್ದವರೇ ತಾನೇ ನಿನ್ನ ಫಾರ್ಮ್ ತುಂಬೋದು! ಇಲ್ಲದವರು ಆ 368ರಲ್ಲಿದ್ದಾರೆ ಕಣೋ. ಅವರನ್ನು ಯಾರು ಕೇಳಬೇಕು?"

ಗುಂಡನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅರಳಿದ ಮುಖ ಮತ್ತೆ ಮುದುಡಿತು.

ಪ್ರೊಫೆಸರ್‌ಗೆ ಇದೇ ಬೇಕಿತ್ತು. "1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಅಧ್ಯಕ್ಷರ ಚುನಾವಣೆಗೆ ಮುಂಚೆ ಸುಮಾರು 1 ಕೋಟಿ ಜನಕ್ಕೆ ಕಾರ್ಡ್ ಕಳಿಸಿತು. 20 ಲಕ್ಷಕ್ಕಿಂತ ಜಾಸ್ತಿ ವಾಪಸ್ ಬಂತು."

"20 ಲಕ್ಷ! ನನ್ನ ಗೈಡ್ ಕುಣಿದಾಡಿಬಿಡುತ್ತಿದ್ದರು."

"ಅವರೂ ಕುಣಿದರು. ರೂಸ್‌ವೆಲ್ಟ್ ಎದುರು ನಿಂತ ಲ್ಯಾಂಡನ್ ಗೆಲ್ಲುತ್ತಾರೆ ಅಂತ ಬರೆದರು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದರು. ವಿಳಾಸ ಹೆಕ್ಕಿದ್ದೇ ಫೋನು, ಕಾರು ಇದ್ದವರ ಪಟ್ಟಿಗಳಿಂದ. ಸಾಲದ್ದಕ್ಕೆ ಕಾರ್ಡ್ ವಾಪಸ್ ಕಳಿಸುವ ಉತ್ಸಾಹ ಲ್ಯಾಂಡನ್ ಕಡೆಯವರಿಗೇ ಜಾಸ್ತಿ ಇತ್ತು. ಅದಕ್ಕಿಂತ ಎಷ್ಟೋ ಚಿಕ್ಕ ಸರ್ವೆ ಮಾಡಿದ ಗ್ಯಾಲಪ್ ಸರಿಯಾಗಿ ಹೇಳಿದರು."

"ಅಂದರೆ ಕಡಿಮೆ ಜನ ಬಂದರೂ ಪರವಾಗಿಲ್ಲ ಅಂತಾನಾ?"

"ಬಾಯಿ ಮುಚ್ಚಿಕೊಂಡವರು ಬಂದವರ ಥರವೇ ಇದ್ದರೆ ಪರವಾಗಿಲ್ಲ. ನಿನ್ನ ಕೇಸಿನಲ್ಲಿ ಇಲ್ಲವಲ್ಲ, ಅದೇ ತೊಂದರೆ."

ಈ ಹೊತ್ತಿಗೆ ಪುಟ್ಟಿ ಸುಮ್ನೆ ಫಾರ್ಮ್ ತೆರೆದಿದ್ದಳು. ಮೇಲೆ '2 ನಿಮಿಷದ ಪುಟ್ಟ ಸರ್ವೆ'. ಅದರ ಕೆಳಗೆ 'ನಿಮ್ಮ ಗುರುತು ಗೋಪ್ಯವಾಗಿರುತ್ತದೆ'. ಅದರ ಕೆಳಗೆ ಹೆಸರು, ಫೋನ್ ನಂಬರ್, ಇಮೇಲ್. ಮೂರಕ್ಕೂ ಕೆಂಪು ನಕ್ಷತ್ರ, ಅಂದರೆ ಕಡ್ಡಾಯ.

"ಗೋಪ್ಯ ಅಂದರೆ ನಿನಗೊಬ್ಬನಿಗೆ ಗೊತ್ತಿದ್ದರೆ ಸಾಕು ಅಂತಾನಾ?" ಅಂತ ಮುಂದೆ ಹೋದಳು. ಬಂತು ನೋಡಿ ಕೋಷ್ಟಕ. ಎಡಗಡೆ 40 ವಾಕ್ಯ, ಬಲಗಡೆ ಐದು ಗುಂಡಿ. ಮೊಬೈಲಿನಲ್ಲಿ ಮೂರೇ ಗುಂಡಿ ಕಾಣುತ್ತವೆ. 'ಒಪ್ಪುತ್ತೇನೆ', 'ಸಂಪೂರ್ಣ ಒಪ್ಪುತ್ತೇನೆ' ಎರಡೂ ಪರದೆಯ ಆಚೆ. ಒಪ್ಪಬೇಕು ಅನ್ನುವವರು ಬೆರಳಿನಿಂದ ಪಕ್ಕಕ್ಕೆ ಎಳೆಯಬೇಕು, ಎಳೆದರೆ ವಾಕ್ಯ ಮಾಯ. 1932ರಲ್ಲಿ ಲೈಕರ್ಟ್ ಈ ಅಳತೆಪಟ್ಟಿ ಕೊಟ್ಟಾಗ ಮೊಬೈಲ್ ಇರಲಿಲ್ಲ, ಅವರನ್ನು ಬೈಯುವ ಹಾಗಿಲ್ಲ.

"ಇದು ಕೇಳಿ, ಹದಿನೇಳನೇದು. 'ನಾನು ಬೆಳಿಗ್ಗೆ ಬೇಗ ಏಳುತ್ತೇನೆ ಮತ್ತು ಲೈಬ್ರರಿಗೆ ಹೋಗುತ್ತೇನೆ.' ನಾನು ಏಳುತ್ತೇನೆ, ಹೋಗಲ್ಲ. ಯಾವ ಗುಂಡಿ ಒತ್ತಲಿ?"

"ಎಲ್ಲರ ಥರ ಮಧ್ಯದ್ದು ಒತ್ತು," ಅಂದೆ ನಾನು. ನಿಜವಾಗಿಯೂ ಐದಾರು ಜನ 40ಕ್ಕೆ 40 ಮಧ್ಯದ ಗುಂಡಿಯನ್ನೇ ಒತ್ತಿ ಕೈ ತೊಳೆದುಕೊಂಡಿದ್ದರು. ಗುಂಡ ಅವರನ್ನು ಸಮಚಿತ್ತದವರು ಅಂದುಕೊಂಡಿದ್ದ.

"ಇನ್ನೊಂದು ದಾರಿ ಇದೆ," ಅಂದ ಗುಂಡ. "ರಿಸರ್ಚ್ ಮಾಡೋರ ಒಂದು ಗ್ರೂಪ್ ಇದೆ. ನಾನು ಅವರದ್ದು ತುಂಬಿದರೆ ಅವರು ನನ್ನದು ತುಂಬುತ್ತಾರೆ."

ಈ ಕೊಡು-ಕೊಳ್ಳುವ ವ್ಯವಹಾರ ನನಗೆ ಯಾವತ್ತೂ ಹಿಡಿಸಿಲ್ಲ. ಓದದೆ ತುಂಬಿದ ಫಾರ್ಮಿಗೆ ಓದದೆ ತುಂಬಿದ ಫಾರ್ಮ್ ಬದಲು. ನಂಬರ್ ಏರುತ್ತದೆ ಅಷ್ಟೇ. ಗಿಫ್ಟ್ ಕೂಪನ್ ಲಾಟರಿ ಇಡಲಾ ಅಂತಲೂ ಕೇಳಿದ. 'ತುಂಬಿದ ಮೇಲೆ ಕೊಡುತ್ತೇವೆ' ಅನ್ನುವ ಮಾತಿಗಿಂತ ಮೊದಲೇ ಕೈಗಿಡುವ ಚಿಕ್ಕ ಕಾಣಿಕೆ ಜಾಸ್ತಿ ಕೆಲಸ ಮಾಡುತ್ತದೆ ಅಂತ ಅಂಚೆಯ ಸರ್ವೆಗಳಲ್ಲಿ ಯಾವತ್ತೋ ಗೊತ್ತಾಗಿದೆ. 400 ಜನಕ್ಕೆ ಮೊದಲೇ ಕೊಡುವಷ್ಟು ದುಡ್ಡಿದ್ದರೆ ಗುಂಡ ಪಿಜಿ ಯಾಕೆ ಮಾಡುತ್ತಿದ್ದ ಅನ್ನುವುದು ಬೇರೆ ವಿಷಯ.

ಪ್ರೊಫೆಸರ್ ಪೆನ್ ತೆಗೆದ. ಹೊಡೆದು ಹಾಕುವುದರಲ್ಲಿ ಅವನಷ್ಟು ಸುಖಪಡುವವರನ್ನು ನಾನು ನೋಡಿಲ್ಲ. 40 ವಾಕ್ಯ 12ಕ್ಕೆ ಇಳಿಯಿತು. ಹೆಸರು, ಫೋನ್ ಹೋಯಿತು. "ಗ್ರೂಪಿಗೆ ಹಾಕಬೇಡ. ಗ್ರೂಪಿಗೆ ಹೇಳಿದ್ದು ಯಾರಿಗೂ ಹೇಳಿದ ಹಾಗಲ್ಲ. ಡಿಪಾರ್ಟ್‌ಮೆಂಟ್ ಪಟ್ಟಿ ಸಿಕ್ಕರೆ ಅದರಿಂದ ಆರಿಸಿ ಒಬ್ಬೊಬ್ಬರಿಗೇ ಹೆಸರು ಹಿಡಿದು ಬರೆ. ವಾರ ಬಿಟ್ಟು ಒಂದು ನೆನಪೋಲೆ, ಆಮೇಲೆ ಇನ್ನೊಂದು. ಸಾಕು, ಕಾಡಬೇಡ. ಇಲ್ಲವಾದರೆ ಪ್ರಿಂಟ್ ತಗೊಂಡು ಕ್ಲಾಸಿಗೇ ಹೋಗು."

"ಕ್ಲಾಸಿನಲ್ಲಿ ಸರ್ ಹೇಳಿದರೆ ಎಲ್ಲರೂ ತುಂಬುತ್ತಾರೆ!"

"ಸರ್ ಹೊರಗೆ ಹೋದ ಮೇಲೆ ಕೊಡು. ಬೇಡ ಅನ್ನುವವರಿಗೆ ಬೇಡ ಅನ್ನಲು ಬಿಡು. ಆಮೇಲೆ, ಮೊದಲು ತುಂಬಿದವರನ್ನೂ ನೆನಪೋಲೆ ಹೋದ ಮೇಲೆ ತುಂಬಿದವರನ್ನೂ ಹೋಲಿಸು. ಆರ್ಮ್‌ಸ್ಟ್ರಾಂಗ್ ಮತ್ತು ಓವರ್‌ಟನ್ 1977ರಲ್ಲಿ ಬರೆದದ್ದೇ ಇದು. ತಡವಾಗಿ ಬಂದವರು ಬಾರದವರಿಗೆ ಹತ್ತಿರ ಇರುತ್ತಾರೆ ಅನ್ನುವ ಊಹೆ. ಊಹೆಯೇ, ಆದರೂ ಸುಮ್ನೆ ಕೂರುವುದಕ್ಕಿಂತ ವಾಸಿ. ಎಷ್ಟು ಜನಕ್ಕೆ ಕಳಿಸಿದೆ, ಎಷ್ಟು ಬಂತು, ಎರಡನ್ನೂ ಥೀಸಿಸ್‌ನಲ್ಲಿ ಬರೆ."

"8 ಪರ್ಸೆಂಟ್ ಅಂತ ಬರೆದರೆ ವೈವಾದಲ್ಲಿ ಹರಿದು ತಿನ್ನುತ್ತಾರೆ."

"ಬರೆಯದಿದ್ದರೆ ಹುಡುಕಿ ತಿನ್ನುತ್ತಾರೆ."

ಪುಟ್ಟಿ ಇನ್ನೂ ಉತ್ತರಗಳನ್ನು ನೋಡುತ್ತಿದ್ದಳು. ಕೊನೆಯಲ್ಲಿ 'ಬೇರೆ ಏನಾದರೂ ಹೇಳುವುದಿದೆಯೇ?' ಅನ್ನುವ ಡಬ್ಬಿ. 31 ಜನ ಖಾಲಿ ಬಿಟ್ಟಿದ್ದರು. ಒಬ್ಬರು ಮಾತ್ರ ಬರೆದಿದ್ದರು: 'ಇದ್ದ ಬಿಡುವೆಲ್ಲ ಈ ಫಾರ್ಮ್ ತುಂಬುವುದಕ್ಕೇ ಹೋಯಿತು.'

"ಇಡೀ ಸರ್ವೆಯಲ್ಲಿ ವಿಷಯಕ್ಕೆ ಸಂಬಂಧಪಟ್ಟ ಉತ್ತರ ಇದೊಂದೇ," ಅಂದ ಪ್ರೊಫೆಸರ್.

"ಇವರ ಹತ್ತಿರ ಹೋಗಿ ಮಾತಾಡಲಾ? ಇಂಟರ್‌ವ್ಯೂ ಸೇರಿಸಬಹುದು!" ಗುಂಡ ಎದ್ದು ಕೂತ. "ಇಮೇಲ್ ಕಡ್ಡಾಯ ಮಾಡಿದ್ದು ಒಳ್ಳೆಯದಾಯಿತು ನೋಡಿ. ಏನಿದೆ ಓದು."

ಪುಟ್ಟಿ ಪರದೆಯನ್ನು ಪಕ್ಕಕ್ಕೆ ಎಳೆದು ಓದಿದಳು. "ಬಿಟ್‌ಬಿಡಪ್ಪ, ಅಟ್, ಜಿಮೇಲ್ ಡಾಟ್ ಕಾಮ್."