ಪೀಟರ್ ಸ್ನೆಲ್: 800 ಮೀಟರ್ ಓಟಗಾರನಿಗೆ ವಾರಕ್ಕೆ 160 ಕಿ.ಮೀ. ಯಾಕೆ?
(ಒಂದು ಚರ್ಚೆ; ಪ್ರತಿ ಭಾಗದ ಮೇಲಿರುವುದು ಬರೆದವರ ಅಡ್ಡಹೆಸರು)

ಲೇನ್ ನಾಲ್ಕು:
ನ್ಯೂಜಿಲೆಂಡಿನ ಪೀಟರ್ ಸ್ನೆಲ್ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 800 ಮೀ. ಚಿನ್ನ ಗೆದ್ದರು, 1964ರ ಟೋಕಿಯೊದಲ್ಲಿ 800, 1500 ಎರಡನ್ನೂ ಗೆದ್ದರು. ಕೋಚ್ ಆರ್ಥರ್ ಲಿಡಿಯಾರ್ಡ್ ಅವರನ್ನು ವಾರಕ್ಕೆ 100 ಮೈಲಿ, ಅಂದರೆ 160 ಕಿ.ಮೀ. ಓಡಿಸುತ್ತಿದ್ದರು. ಎರಡು ನಿಮಿಷದೊಳಗೆ ಮುಗಿಯುವ ಓಟಕ್ಕೆ ಇಷ್ಟು ದೂರ ಯಾಕೆ? ವೇಗ ಕುಂದುವುದಿಲ್ಲವೇ? ಈಗಿನ ಹುಡುಗರಿಗೆ ಇದನ್ನು ಮಾಡಿಸಬಹುದೇ?

ಹುಲ್ಲು ಟ್ರ್ಯಾಕ್:
ಫೈನಲ್ ಒಂದನ್ನೇ ನೋಡಿದರೆ ಇದು ಅರ್ಥವಾಗುವುದಿಲ್ಲ. ರೋಮ್‌ನಲ್ಲಿ ಆಗಸ್ಟ್ 31ರ ಒಂದೇ ದಿನ ಹೀಟ್ಸ್ (ಮೊದಲ ಸುತ್ತಿನ ಓಟ), ಕ್ವಾರ್ಟರ್ ಫೈನಲ್ ಎರಡೂ ನಡೆದವು. ಮರುದಿನ ಸೆಮಿಫೈನಲ್, ಸೆಪ್ಟೆಂಬರ್ 2ಕ್ಕೆ ಫೈನಲ್. ಮೂರು ದಿನಕ್ಕೆ ನಾಲ್ಕು ಓಟ! ಕೊನೆಯ ನೂರು ಮೀಟರಿಗೆ ಬಂದಾಗ ಯಾರ ಕಾಲಲ್ಲಿ ಕಸುವು ಉಳಿದಿದೆ ಎಂಬುದೇ ಮುಖ್ಯ. ವಿಶ್ವ ದಾಖಲೆ ಹೊಂದಿದ್ದ ಬೆಲ್ಜಿಯಂನ ರೋಜರ್ ಮೋನ್ಸ್ ಮುಂದಿದ್ದರು. ಅವರು ಬಲಕ್ಕೆ ತಿರುಗಿ ನೋಡುವಷ್ಟರಲ್ಲಿ ಸ್ನೆಲ್ ಒಳಬದಿಯಿಂದ ನುಗ್ಗಿ 1 ನಿ. 46.3 ಸೆಕೆಂಡಿಗೆ ಗೆದ್ದರು. ಟೋಕಿಯೊದಲ್ಲಿ ಎಂಟು ದಿನಕ್ಕೆ ಆರು ಓಟ. ಆಮೇಲೆ ಒಂದೇ ಒಲಿಂಪಿಕ್ಸ್‌ನಲ್ಲಿ ಈ ಎರಡೂ ಚಿನ್ನ ಗೆದ್ದ ಪುರುಷ ಓಟಗಾರ ಇನ್ನೂ ಬಂದಿಲ್ಲ.

ವೇಗ ಕುಂದುತ್ತದೆ ಅನ್ನುವ ಭಯಕ್ಕೆ 1962ರ ಬೇಸಿಗೆಯೇ ಉತ್ತರ (ನ್ಯೂಜಿಲೆಂಡಿನಲ್ಲಿ ಜನವರಿ ಎಂದರೆ ಬೇಸಿಗೆ). 1961ರ ಡಿಸೆಂಬರಿನಲ್ಲಿ ಸ್ನೆಲ್ ಒಂದು ಪೂರ್ತಿ ಮ್ಯಾರಥಾನ್ ಓಡಿದ್ದರು. ಜನವರಿ 27ಕ್ಕೆ ಅಲ್ಲಿನ ವಾಂಗನೂಯಿಯಲ್ಲಿ ಮೈಲಿ ಓಟದ ವಿಶ್ವ ದಾಖಲೆ, 3 ನಿ. 54.4 ಸೆ. ಒಂದೇ ವಾರದಲ್ಲಿ ಕ್ರೈಸ್ಟ್‌ಚರ್ಚ್‌ನಲ್ಲಿ 800 ಮೀ. ವಿಶ್ವ ದಾಖಲೆ, 1 ನಿ. 44.3 ಸೆ. ಅದೂ ಹುಲ್ಲಿನ ಟ್ರ್ಯಾಕಿನ ಮೇಲೆ.

ಹೃದಯಬಡಿತ:
ನಿವೃತ್ತಿಯ ನಂತರ ಅಮೆರಿಕದಲ್ಲಿ ವ್ಯಾಯಾಮ ಶರೀರಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದ ಸ್ನೆಲ್ ಅವರೇ ಇದರ ಕಾರಣ ವಿವರಿಸಿದ್ದಾರೆ. ದೀರ್ಘ ಓಟದಲ್ಲಿ ಮೊದಲು ನಿಧಾನ ಸ್ನಾಯುತಂತುಗಳು ದುಡಿಯುತ್ತವೆ. ಅವುಗಳ ಗ್ಲೈಕೋಜನ್ (ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯ ಇಂಧನ) ಖಾಲಿಯಾಗುತ್ತ ಬಂದಂತೆ ವೇಗದ ತಂತುಗಳೂ ಕೆಲಸಕ್ಕೆ ಇಳಿಯಲೇಬೇಕು. ಹಾಗೆ ಅವುಗಳಿಗೂ ತಾಳಿಕೆ ಬರುತ್ತದೆ. ಲಿಡಿಯಾರ್ಡ್ ಭಾನುವಾರ ಓಡಿಸುತ್ತಿದ್ದ 22 ಮೈಲಿ ಗುಡ್ಡದ ಹಾದಿಯಲ್ಲಿ ಕೊನೆಯ ಭಾಗಕ್ಕೇ ಹೆಚ್ಚು ಬೆಲೆ ಇರುವುದು ಇದಕ್ಕೆ.

ಸ್ಪೈಕ್ಸ್:
ಹುಡುಗರಿಗೆ 160 ಕಿ.ಮೀ. ಬೇಡವೇ ಬೇಡ. ಅನುಕರಿಸಬೇಕಾದ್ದು ಹಂತಗಳ ಕ್ರಮವನ್ನು. ಮೊದಲು ಸುಮಾರು ಹತ್ತು ವಾರ ಮಾತಾಡುತ್ತ ಓಡಬಲ್ಲಷ್ಟು ವೇಗದ ಓಟ. ಭಾನುವಾರದ ಓಟ ವಾರದ ಒಟ್ಟು ದೂರದ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚಿದ್ದರೆ ಸಾಕು: ವಾರಕ್ಕೆ 50 ಕಿ.ಮೀ. ಓಡುವವನಿಗೆ 11. ಆಮೇಲೆ ನಾಲ್ಕು ವಾರ ಏರುದಾರಿ, ಮೊಣಕಾಲು ಎತ್ತಿ ಪುಟಿಯುತ್ತ ಹತ್ತುವುದು. ಟ್ರ್ಯಾಕಿನ ಬಿರುಸಿನ ಇಂಟರ್ವಲ್ (ನಡುವೆ ಸುಧಾರಿಸಿಕೊಳ್ಳುತ್ತ ಮತ್ತೆ ಮತ್ತೆ ಓಡುವ ವೇಗದ ಓಟ) ಬರುವುದು ಅದಾದ ಮೇಲೆ, ನಾಲ್ಕೈದು ವಾರ. ಕೊನೆಯ ಹತ್ತು ದಿನ ಹೊರೆ ಇಳಿಸಬೇಕು.

ಕೆಡುವುದು ಎರಡು ಕಡೆ. ಇಂಟರ್ವಲ್ ಬೇಗ ಶುರು ಮಾಡಿದರೆ ಟೈಮಿಂಗ್ ಕೂಡಲೇ ಸುಧಾರಿಸುತ್ತದೆ, ಮುಖ್ಯ ಕೂಟ ಬರುವ ಹೊತ್ತಿಗೆ ಕುಸಿಯುತ್ತದೆ. ಕೋಚ್‌ಗಳು ಇದಕ್ಕೇ ಹೆಚ್ಚು ಮರುಳಾಗುವುದು. ಇನ್ನೊಂದು, ಅಭ್ಯಾಸವಿಲ್ಲದ ಕಾಲಿಗೆ ಮೊದಲ ದಿನವೇ ಏರಿನಲ್ಲಿ ಪುಟಿತ ಹಾಕಿಸಿದರೆ ಮೀನಖಂಡ, ಹಿಮ್ಮಡಿಯ ಸ್ನಾಯುರಜ್ಜು ನೋಯುತ್ತವೆ. ಮೊದಲ ವಾರ ಒಂದೇ ಸಲ, 15 ನಿಮಿಷ.

ಲೇನ್ ನಾಲ್ಕು:
ಅರ್ಥವಾಯಿತು, ಧನ್ಯವಾದ. ಟೋಕಿಯೊದಲ್ಲಿ ಅವರು ಎರಡೂ ಫೈನಲ್‌ನಲ್ಲಿ ಗುಂಪಿನೊಳಗೆ ಸಿಕ್ಕಿಬಿದ್ದರಲ್ಲ, ಅದು ತಂತ್ರದ ತಪ್ಪೇ?

ಹುಲ್ಲು ಟ್ರ್ಯಾಕ್:
ಜಾಗ ಹಿಡಿಯುವುದರಲ್ಲಿ ತಪ್ಪೇ. ಆದರೆ 800ರಲ್ಲಿ ಅವರು ಹಿಂದೆ ಸರಿದು, ಹೊರಲೇನಿಗೆ ಬಂದು, ಎಲ್ಲರನ್ನೂ ಸುತ್ತುಹಾಕಿ ಗೆದ್ದರು. 1500ರಲ್ಲಿ ಬಲಗೈ ಚಾಚಿ ದಾರಿ ಕೇಳಿದಾಗ ಪಕ್ಕದ ಬ್ರಿಟಿಷ್ ಓಟಗಾರ ಬಿಟ್ಟುಕೊಟ್ಟರು. ಹೀಗೆ ಮೀಟರುಗಟ್ಟಲೆ ಹೆಚ್ಚುವರಿ ಓಡಿಯೂ ಗೆಲ್ಲಬೇಕಾದರೆ ಸ್ಪೈಕ್ಸ್ ಹೇಳಿದ ಮೊದಲ ಹತ್ತು ವಾರದ ಕೆಲಸ ಆಗಿರಲೇಬೇಕು.