ನಾಯಿಗಳ ವಕ್ತಾರ

ಸೀನ ಹೊಸ ಟೀ ಶರ್ಟ್ ಹಾಕಿಕೊಂಡು ಶೆಲ್ಟರಿಗೆ ಬಂದ. ಎದೆಯ ಮೇಲೆ ದಪ್ಪ ಅಕ್ಷರದಲ್ಲಿ ‘ನಾನು ಅವುಗಳ ದನಿ’ ಎಂದಿತ್ತು.

“ಯಾವುದರ ದನಿಯೋ?” ಎಂದ ವಿಶ್ವ. ನಾಯಿ ಎಂದರೆ ಜೀವ ಬಿಡುವ ವಿಶ್ವ ಗೇಟಿನ ಆಚೆಯೇ ನಿಂತಿದ್ದ. ಜೀವ ಬಿಡುವುದು ಹೆದರಿಕೆಗೆ.

“ನಾಯಿಗಳದ್ದು ಕಣೋ. ಇವತ್ತಿಂದ ನಾನು ವಾಲಂಟಿಯರ್. ಪಾಪ, ಅವಕ್ಕೆ ಮಾತು ಬರಲ್ಲ. ಅವುಗಳ ಪರವಾಗಿ ಯಾರಾದರೂ ಮಾತಾಡಬೇಕಲ್ವಾ?”

ಪದ್ಮಕ್ಕ ಕೈಯ ಗ್ಲೌಸ್ ಕಳಚುತ್ತಾ ಬಂದರು. “ದನಿಗೆ ಇಲ್ಲೇನೂ ಬರವಿಲ್ಲಪ್ಪ. ಬೆಳಗಿನ ಜಾವ ಒಂದು ಶುರು ಮಾಡಿದರೆ ಸಾಕು, ಅಷ್ಟೂ ಬೋನುಗಳು ಎದ್ದು ಕೂಗುತ್ತವೆ. ಕೊರತೆ ಇರುವುದು ಕೈಗಳದ್ದು. ಪೊರಕೆ ಹಿಡಿಯುವ ಕೈ, ಪೈಪ್ ಹಿಡಿಯುವ ಕೈ, ಹೇಲು ಬಾಚುವ ಕೈ.”

“ನಾನು ಅವೇರ್‌ನೆಸ್ ವಿಭಾಗ ಅಕ್ಕಾ.”

“ಅದೇ ನೋಡು. ಆ ವಿಭಾಗದಲ್ಲಿ ನಾಯಿಗಳಿಗಿಂತ ವಕ್ತಾರರೇ ಜಾಸ್ತಿ. ನಾಯಿಗೊಬ್ಬರಂತೆ ಹಂಚಿದರೂ ಒಂದಷ್ಟು ಜನ ಮಿಗುತ್ತಾರೆ. ಅವರ ಪರ ಮಾತಾಡಲು ಒಂದು ನಾಯಿಯನ್ನು ನೇಮಿಸಬೇಕಷ್ಟೆ.”

ಸೀನ ಸೋಲುವ ಪೈಕಿಯಲ್ಲ. “1860ರಲ್ಲಿ ಮೇರಿ ಟೀಲ್‌ಬಿ ಅನ್ನುವಾಕೆ ಲಂಡನ್ನಿನಲ್ಲಿ ಬೀದಿಪಾಲಾದ ನಾಯಿಗಳಿಗೆ ಮನೆ ತೆರೆದಳು. ನನ್ನದೂ ಅದೇ ದಾರಿ.”

“ಗೊತ್ತು. ಇಂಥದ್ದೂ ಒಂದಿದೆಯಾ ಅಂತ ಪತ್ರಿಕೆಯವರು ಆಡಿಕೊಂಡರು. ಆಕೆ ಮೊದಲು ಗೇಲಿ ಮಾಡಿಸಿಕೊಂಡಳು. ನೀನು ಮೊದಲು ಟೀ ಶರ್ಟ್ ಮಾಡಿಸಿಕೊಂಡೆ.”

ಗೇಟಿನ ಆಚೆಯಿಂದ ವಿಶ್ವನ ನಗು ಕೇಳಿಸಿತು. ಸೀನ ಸಾಕ್ಷಿಗೆಂದು ಮೊಬೈಲ್ ತೆಗೆದ. ಒಂದು ಕಂದು ನಾಯಿಯ ಕುತ್ತಿಗೆ ತಬ್ಬಿಕೊಂಡು ಹಲ್ಲುಕಿರಿದ ಫೋಟೋ. “ನೋಡಿ, ಎಷ್ಟು ಖುಷಿಯಾಗಿದೆ!”

ಪದ್ಮಕ್ಕ ಕನ್ನಡಕ ಏರಿಸಿ ನೋಡಿದರು. “ಖುಷಿ ನಿನಗಪ್ಪ. ಅದರ ಕಿವಿ ನೋಡು, ಹಿಂದಕ್ಕೆ ಅಂಟಿಕೊಂಡಿದೆ. ಮುಖ ಆಚೆ ತಿರುಗಿದೆ. ಕಣ್ಣಿನ ಬಿಳಿ ಕಾಣಿಸುತ್ತಿದೆ. ನಾಲಗೆ ಮೂಗಿನ ಮೇಲಿದೆ. ‘ಸ್ವಾಮಿ, ಒಂದು ಸಲ ಬಿಟ್ಟುಬಿಡಿ’ ಅಂತ ಕೇಳಿಕೊಳ್ಳುತ್ತಿದೆ. ಆಕಳಿಸಿತಾ?”

“ಹ್ಞೂಂ, ಸುಮಾರು ಸಲ. ನಿದ್ದೆ ಬಂದಿರಬೇಕು ಅಂದುಕೊಂಡೆ.”

“ನಿದ್ದೆಯಲ್ಲ, ನೀನು. ಆಗಲೂ ಬಿಡದಿದ್ದರೆ ಅದರ ಮುಂದಿನ ಮಾತು ಗುರ್ರ್. ಅದಕ್ಕೂ ಮುಂದಿನದು ಹಲ್ಲು. ಆಮೇಲೆ ‘ಸುಮ್ನೆ ಇದ್ದದ್ದು ಇದ್ದಕ್ಕಿದ್ದಂತೆ ಕಚ್ಚಿತು’ ಅನ್ನುತ್ತೀರಿ. ಅಷ್ಟು ಹೊತ್ತು ಅದು ಭಾಷಣವನ್ನೇ ಮಾಡಿರುತ್ತದೆ. ಅದರ ಪರ ಮಾತಾಡುವ ಭರದಲ್ಲಿ ನೀವು ಯಾರೂ ಕೇಳಿಸಿಕೊಂಡಿರುವುದಿಲ್ಲ.”

ಕಚ್ಚುವ ಮಾತು ಬಂದದ್ದೇ ವಿಶ್ವನಿಗೆ ಜೀವ ಬಂತು. “ನಮ್ಮ ಪರ ಯಾರು ಮಾತಾಡುತ್ತಾರೆ ಅಕ್ಕಾ? ಕಚ್ಚಿಸಿಕೊಂಡವರದ್ದೇ ತಪ್ಪು ಅನ್ನುತ್ತಾರಲ್ಲ ಇವರು!”

“ಅದು ನಿಜ ವಿಶ್ವ. ಕಚ್ಚಿಸಿಕೊಂಡವರಿಗೆ ಬೈದರೆ ನಾಯಿಗೇನೂ ಒಳ್ಳೆಯದಾಗುವುದಿಲ್ಲ. ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ಗಾಯ ತೊಳಿ, ಆಸ್ಪತ್ರೆಗೆ ಓಡು ಅನ್ನುವುದೂ ನಾಯಿ ಪರ ಮಾತೇ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವುದು ಹೆಚ್ಚೂಕಡಿಮೆ ಆಗದ ಮಾತು. ನೂರಕ್ಕೆ 70 ನಾಯಿಗಳಿಗೆ ಲಸಿಕೆ ಬಿದ್ದರೆ ನಾಯಿಯಿಂದ ನಾಯಿಗೆ ಹರಡುವುದೇ ನಿಲ್ಲುತ್ತದೆ. ಆ 70ನ್ನು ಹಿಡಿಯುವವರು ಯಾರು? ಅಲ್ಲಿ ದನಿ ಬೇಡವೇ ಬೇಡ. ದನಿ ಕೇಳಿದರೆ ಓಡಿಹೋಗುತ್ತವೆ.”

“ಹೋಗಲಿ, ಮರಿಗಳ ಜೊತೆ ಇರುತ್ತೇನೆ,” ಎಂದ ಸೀನ.

“ಅಲ್ಲಿಗಂತೂ ಬಿಡುವುದಿಲ್ಲ. ಮರಿಗಳ ಜೀವ ತೆಗೆಯುವ ಪಾರ್ವೊ ವೈರಸ್ ಚಪ್ಪಲಿಗೆ ಅಂಟಿಕೊಂಡೇ ಬರುತ್ತದೆ. ನೆಲದಲ್ಲಿ ತಿಂಗಳುಗಟ್ಟಲೆ ಕೂರುತ್ತದೆ. ಮಾಮೂಲಿ ಸೋಪಿಗೆ ಜಗ್ಗುವುದಿಲ್ಲ, ಬ್ಲೀಚಿನಂಥದ್ದೇ ಬೇಕು. ಲಸಿಕೆ ಮುಗಿಯದ ಮರಿಗಳನ್ನು ಒಂದೊಂದಾಗಿ ಎತ್ತಿ ಮುದ್ದಾಡಿದೆಯೋ, ಒಂದರ ರೋಗ ಅಷ್ಟಕ್ಕೂ ಹಂಚಿದ ಹಾಗೆ.”

“ಹಾಗಾದರೆ ನಾನು ಮಾಡುವುದೇನು?”

ಪದ್ಮಕ್ಕ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. “ಕೊನೆಯ ಬೋನಿನಲ್ಲಿ ಒಂದು ಮುದಿ ನಾಯಿ ಇದೆ. ಮೂತಿಯೆಲ್ಲ ಬೆಳ್ಳಗಾಗಿದೆ. ಸಾಕಿದವರು ಮನೆ ಬದಲಾಯಿಸುವಾಗ ಬಿಟ್ಟುಹೋದರು. ಗೇಟು ಸದ್ದು ಮಾಡಿದರೆ ಈಗಲೂ ಎದ್ದು ನಿಲ್ಲುತ್ತದೆ. ಬಂದವರು ನೇರ ಮರಿಗಳ ಕಡೆ ಹೋಗುತ್ತಾರೆ. ಅದು ಮತ್ತೆ ಮಲಗುತ್ತದೆ. ಒಂದು ದಿನವೂ ಬೊಗಳಿದ್ದು ಕೇಳಿಲ್ಲ.”

ಈ ಸಲ ವಿಶ್ವನೂ ನಗಲಿಲ್ಲ.

“ಅದರ ಪಕ್ಕ ಹೋಗಿ ಕೂತುಕೋ. ಮುಟ್ಟಬೇಡ. ಎದುರಿಗಲ್ಲ, ಓರೆಯಾಗಿ ಕೂರಬೇಕು. ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು.”

“ಎಷ್ಟು ಹೊತ್ತು?”

“ಅದಾಗಿಯೇ ಹತ್ತಿರ ಬರುವವರೆಗೆ.”

“ಬರದಿದ್ದರೆ?”

“ನಾಳೆ ಮತ್ತೆ ಕೂರು.”

“ಮಾತಾಡದೇನಾ?” ಸೀನನ ಮುಖ ಸಣ್ಣಗಾಯಿತು.

“ಅಕ್ಕಾ, ಅದು ಅವನ ಕೈಲಾಗುವ ಕೆಲಸವಲ್ಲ,” ಎಂದ ವಿಶ್ವ. “ಏನಾದರೂ ಸುಲಭದ್ದು ಕೊಡಿ.”

“ಸುಲಭದ್ದಾ? ಆರು ಬೋನು ತೊಳೆಯುವುದು ಬಾಕಿ ಇದೆ.”

ಸೀನ ಎರಡನ್ನೂ ತೂಗಿ ನೋಡಿದ. ಆಮೇಲೆ ಪೈಪ್ ಎಲ್ಲಿದೆ ಎಂದು ಕೇಳಿದ.